ಬಿಸಿ ಸಾರು ಯಾವ ಡಬ್ಬಕ್ಕೆ?

ನಿಮ್ಮ ಬ್ಯಾಗಿನಲ್ಲಿರುವ ಟಿಫಿನ್ ಬಾಕ್ಸನ್ನು ಖಾಲಿಯಾದ ಮೇಲೆ ಒಮ್ಮೆ ಮಗುಚಿ ನೋಡಿ. ಅದು ಪ್ಲಾಸ್ಟಿಕ್ಕಿನದಾಗಿದ್ದರೆ ತಳದಲ್ಲಿ ಸಾಮಾನ್ಯವಾಗಿ ಬಾಣಗಳಿಂದಾದ ಒಂದು ಪುಟ್ಟ ತ್ರಿಕೋನ, ಅದರೊಳಗೆ 1ರಿಂದ 7ರವರೆಗಿನ ಒಂದು ಅಂಕಿ ಕಾಣುತ್ತದೆ. ಈ ಗುರುತು ಇದ್ದರೆ ಡಬ್ಬ ಸುರಕ್ಷಿತ ಎಂದು ನಂಬಿದವರು ಬಹಳ. ಆದರೆ 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಈ ಅಂಕಿಗಳನ್ನು ತಂದದ್ದು ಗುಜರಿಗೆ ಬಂದ ಪ್ಲಾಸ್ಟಿಕ್ಕನ್ನು ಬಗೆಬಗೆಯಾಗಿ ವಿಂಗಡಿಸಲು ಅನುಕೂಲವಾಗಲಿ ಎಂದು. ಅಂಕಿ ಪ್ಲಾಸ್ಟಿಕ್ಕಿನ ಹೆಸರನ್ನಷ್ಟೇ ಹೇಳುತ್ತದೆ. ಆಹಾರಕ್ಕೆ ಬಳಸಬಹುದು ಎಂಬುದಕ್ಕೆ ಇರುವ ಗುರುತು ಬೇರೆ: ಒಂದು ಲೋಟ, ಪಕ್ಕದಲ್ಲಿ ಒಂದು ಫೋರ್ಕ್.

ಆದರೂ ಅಂಕಿ ಗೊತ್ತಿರುವುದು ಒಳ್ಳೆಯದು. 1 ಎಂದರೆ ಪೆಟ್, ಅಂಗಡಿಯಲ್ಲಿ ಕೊಳ್ಳುವ ನೀರು ಮತ್ತು ಜ್ಯೂಸಿನ ಬಾಟಲಿ. 2 ಮತ್ತು 4 ಪಾಲಿಥೀನ್. ಹಾಲಿನ ಪ್ಯಾಕೆಟ್, ಕವರ್ ಇತ್ಯಾದಿ. 3 ಪಿವಿಸಿ. 5 ಪಾಲಿಪ್ರೊಪಿಲೀನ್, ನಮ್ಮ ಹೆಚ್ಚಿನ ಟಿಫಿನ್ ಬಾಕ್ಸ್‌ಗಳು, ಹೋಟೆಲಿನ ಪಾರ್ಸೆಲ್ ಡಬ್ಬಗಳು ಇದರವು. 6 ಪಾಲಿಸ್ಟೈರೀನ್, ಅಂದರೆ ಥರ್ಮೊಕೋಲಿನ ಬಳಗ. ಉಳಿದದ್ದೆಲ್ಲ 7. ಗಾಜಿನಂತೆ ಹೊಳೆಯುವ ಗಟ್ಟಿ ಪಾಲಿಕಾರ್ಬನೇಟ್ ಈ ಏಳರ ಗುಂಪಿನದು. ಎರಡನೇ ಪಿಯು ರಸಾಯನಶಾಸ್ತ್ರ ಪುಸ್ತಕದಿಂದ ಪಾಲಿಮರ್ ಪಾಠವನ್ನು ಕೈಬಿಟ್ಟ ಮೇಲೆ ಇದನ್ನು ತರಗತಿಯಲ್ಲಿ ಕೇಳುವ ಅವಕಾಶ ನಮಗೆ ತಪ್ಪಿದೆ. ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಪ್ಲಾಸ್ಟಿಕ್ ಎಂದರೆ ಸಾವಿರಾರು ಸಣ್ಣ ಅಣುಗಳು ಕೊಂಡಿ ಹಾಕಿಕೊಂಡ ಉದ್ದನೆಯ ಸರಪಳಿ. ಈ ಸರಪಳಿ ಅಷ್ಟು ಸುಲಭವಾಗಿ ಊಟದೊಳಗೆ ಇಳಿಯುವುದಿಲ್ಲ. ಇಳಿಯುವುದು ಅದರ ಜೊತೆಗಿರುವ ಬೇರೆ ಪದಾರ್ಥಗಳು: ಸರಪಳಿಗೆ ಸೇರದೆ ಉಳಿದ ಬಿಡಿ ಅಣುಗಳು, ಬಣ್ಣ, ಮೆದುಗೊಳಿಸಲು ಹಾಕುವ ಥ್ಯಾಲೇಟ್‌ಗಳು. ಪಾಲಿಕಾರ್ಬನೇಟ್ ತಯಾರಿಸಲು ಬಳಸುವ ಬಿಸ್ಫಿನಾಲ್-ಎ, ಅಂದರೆ ಬಿಪಿಎ, ಇವುಗಳಲ್ಲಿ ಹೆಚ್ಚು ಹೆಸರು ಕೆಡಿಸಿಕೊಂಡದ್ದು. ನಮ್ಮ ದೇಹದ ಈಸ್ಟ್ರೋಜನ್ ಹಾರ್ಮೋನಿನ ಹಾಗೆ ನಟಿಸುವುದು ಅದರ ತೊಂದರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ, ದಿನಕ್ಕೆ ಎಷ್ಟು ಬಿಪಿಎ ಹೊಟ್ಟೆಗೆ ಹೋದರೆ ಸಹ್ಯ ಎಂಬ ತನ್ನ ಮಿತಿಯನ್ನು ಹಿಂದಿನದಕ್ಕಿಂತ 20,000 ಪಟ್ಟು ಇಳಿಸಿತು. 2024ರ ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಬಿಪಿಎ ನಿಷೇಧಿಸುವ ನಿಯಮವನ್ನೇ ತಂದಿತು. ನಮ್ಮ ದೇಶದಲ್ಲೂ ಮಕ್ಕಳ ಹಾಲಿನ ಬಾಟಲಿಗೆ ಪಾಲಿಕಾರ್ಬನೇಟ್ ಬಳಸುವಂತಿಲ್ಲ. ಈಗ ಅಂಗಡಿಗಳಲ್ಲಿ ‘ಬಿಪಿಎ ಫ್ರೀ’ ಚೀಟಿ ಎಲ್ಲೆಲ್ಲೂ ಕಾಣುತ್ತದೆ. ಆದರೆ ಬಿಪಿಎ ಬದಲಿಗೆ ಕೆಲವು ಕಡೆ ಬಳಕೆಗೆ ಬಂದ ಬಿಸ್ಫಿನಾಲ್-ಎಸ್ ಅದರದೇ ತಮ್ಮ. ಚೀಟಿ ನೋಡಿ ಪೂರ್ತಿ ನೆಮ್ಮದಿಯಾಗುವ ಹಾಗಿಲ್ಲ.

ಹಾಗೆಂದು ಇವತ್ತೇ ಅಡುಗೆಮನೆಯ ಪ್ಲಾಸ್ಟಿಕ್ಕನ್ನೆಲ್ಲ ಹೊರಗೆಸೆಯಬೇಕೆ? ಬೇಡ. ತಿಂಗಳ ಖರ್ಚನ್ನು ಲೆಕ್ಕ ಹಾಕಿ ಸಾಗಿಸುವ ಮನೆಗೆ ಅಂಥ ಸಲಹೆ ಕೊಡುವುದು ಸುಲಭ, ಪಾಲಿಸುವುದು ಕಷ್ಟ. ಡಬ್ಬದಿಂದ ಊಟಕ್ಕೆ ಏನಾದರೂ ಇಳಿಯುವುದು ಮುಖ್ಯವಾಗಿ ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ಬಿಸಿ, ಎಣ್ಣೆ, ಹುಳಿ, ಮತ್ತು ಎಷ್ಟು ಹೊತ್ತು ಇಟ್ಟಿರುತ್ತೇವೆ ಎಂಬುದು. ಡಬ್ಬ ಗೀರು ಬಿದ್ದು ಮಂಕಾಗಿದ್ದರೆ ಇನ್ನೂ ಹೆಚ್ಚು. ಇವುಗಳಲ್ಲಿ ಬಿಸಿಯದೇ ದೊಡ್ಡ ಪಾಲು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು ಪಾಲಿಪ್ರೊಪಿಲೀನಿನ ಹಾಲಿನ ಬಾಟಲಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. 25 ಡಿಗ್ರಿಯ ನೀರು ಹಾಕಿದಾಗ ಲೀಟರಿಗೆ ಸುಮಾರು 6 ಲಕ್ಷ ಪ್ಲಾಸ್ಟಿಕ್ ಕಣಗಳು ಉದುರಿದವು. 95 ಡಿಗ್ರಿಯ ನೀರು ಹಾಕಿದಾಗ ಸುಮಾರು ಐದೂವರೆ ಕೋಟಿ. ಬಾಟಲಿ ಅದೇ, ನೀರಿನ ಬಿಸಿಯಷ್ಟೇ ಬೇರೆ. ಈ ಕಣಗಳು ದೇಹದಲ್ಲಿ ಏನು ಮಾಡುತ್ತವೆ ಎಂಬ ಸಂಶೋಧನೆ ಇನ್ನೂ ನಡೆಯುತ್ತಿದೆ. ಮನೆಯಲ್ಲಿ ಬಾಟಲಿ ಹಾಲು ಕುಡಿಯುವ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಹಾಲನ್ನು ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಕಲಸಿ, ಉಗುರುಬೆಚ್ಚಗಾದ ಮೇಲೆ ಬಾಟಲಿಗೆ ಹಾಕಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಆದ್ದರಿಂದ ಅಕ್ಕಿ, ಬೇಳೆ, ಸಕ್ಕರೆ ತುಂಬಿಟ್ಟ ಪ್ಲಾಸ್ಟಿಕ್ ಡಬ್ಬಗಳ ಬಗ್ಗೆ ತಾಯಂದಿರ ಜೊತೆ ಜಗಳ ಬೇಡ. ಒಣ ಪದಾರ್ಥ, ತಣ್ಣನೆಯ ಜಾಗ. ಅವು ಪಟ್ಟಿಯ ಕೊನೆಯಲ್ಲಿರಲಿ. ಮೊದಲು ಹೋಗಬೇಕಾದದ್ದು ಕುದಿಯುವ ಸಾಂಬಾರು, ಚಹಾ, ಕುರ್ಮಾಗಳನ್ನು ಕಟ್ಟಿಸಿಕೊಂಡು ಬರುವ ತೆಳು ಕವರ್. ಬಿಸಿ, ಎಣ್ಣೆ, ಹುಳಿ ಮೂರೂ ಅದರಲ್ಲಿ ಒಟ್ಟಿಗೇ ಇವೆ. ಅಂಗಡಿಯಿಂದ ಮನೆಗೆ ಬರುವ ಅರ್ಧ ಗಂಟೆ ಸಾರು ಆ ಕವರಿನಲ್ಲಿಯೇ ಕುಲುಕುತ್ತಿರುತ್ತದೆ. ರಂಝಾನಿನಲ್ಲಿ ಅಸರ್ ಕಳೆದ ಮೇಲೆ ಗಂಜಿ, ಸಮೋಸ, ಕಬಾಬ್ ತರಲು ನಮ್ಮನ್ನೇ ಓಡಿಸುತ್ತಾರಲ್ಲ, ಆಗ ಕೈಯಲ್ಲಿ ಒಂದು ಸ್ಟೀಲ್ ತೂಕು ಪಾತ್ರೆ ಇದ್ದರೆ ಸಾಕು. ಮೊದಲ ದಿನ ಅಂಗಡಿಯವರು ವಿಚಿತ್ರವಾಗಿ ನೋಡಬಹುದು. ಕವರಿನ ಖರ್ಚು ಉಳಿಯುವುದರಿಂದ ಬೇಡ ಎನ್ನುವವರು ಕಡಿಮೆ.

ಸಮೋಸವನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿಸಿಕೊಳ್ಳುವುದು ಪರಿಹಾರವಲ್ಲ. ಬಿಸಿ ಎಣ್ಣೆಗೆ ಮುದ್ರಣದ ಶಾಯಿ ಕರಗಿ ತಿಂಡಿಗೆ ಹತ್ತುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳಲ್ಲಿ ಪತ್ರಿಕೆಯಲ್ಲಿ ಆಹಾರ ಕಟ್ಟುವುದಕ್ಕೆ ನಿಷೇಧವಿದೆ.

ಪೇಪರ್ ಕಪ್ಪಿನದ್ದೂ ಹೆಚ್ಚು ಕಡಿಮೆ ಇದೇ ಕಥೆ. ಹೆಸರು ಪೇಪರ್ ಎಂದಿದ್ದರೂ ಚಹಾ ಸೋರದಂತೆ ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಅಂಟಿಸಿರುತ್ತಾರೆ. ಖರಗ್‌ಪುರ ಐಐಟಿಯ ಸಂಶೋಧಕರು ಇಂಥ ಕಪ್ಪುಗಳಲ್ಲಿ 85-90 ಡಿಗ್ರಿಯ ಬಿಸಿ ನೀರನ್ನು 15 ನಿಮಿಷ ಇಟ್ಟು ನೋಡಿದಾಗ 100 ಮಿಲಿಲೀಟರಿನಲ್ಲಿ ಸುಮಾರು 25,000 ಸೂಕ್ಷ್ಮ ಕಣಗಳು ಸಿಕ್ಕವು. ಕ್ಯಾಂಟೀನಿಗೆ ಸ್ಟೀಲ್ ಲೋಟ ತಂದರೆ ತೊಳೆಯುವವರು ಯಾರು ಎಂಬ ಪ್ರಶ್ನೆ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆಯೇ. ಕುಡಿದವರು ತಮ್ಮ ಲೋಟವನ್ನು ತಾವೇ ತೊಳೆದಿಡುವ ಪದ್ಧತಿ ಎಷ್ಟೋ ಹಾಸ್ಟೆಲುಗಳ ಊಟದ ಮನೆಯಲ್ಲಿ ಈಗಲೂ ಇದೆ. ನಮ್ಮಲ್ಲೂ ಆಗದ ಕೆಲಸವೇನಲ್ಲ ಎಂದು ನನ್ನ ಅಭಿಪ್ರಾಯ.

ಇನ್ನು ಬದಲಿಗೆ ಏನು ಕೊಳ್ಳಬೇಕು ಎಂಬ ಮಾತು. ದಿನದ ಬುತ್ತಿಗೆ ಸ್ಟೀಲನ್ನು ಮೀರಿಸುವಂಥದ್ದಿಲ್ಲ. ಬೀಳುತ್ತದೆ, ನಗ್ಗುತ್ತದೆ, ಒಡೆಯುವುದಿಲ್ಲ. ಅದರೊಳಗಿನ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲೆ ಕಣ್ಣಿಗೆ ಕಾಣದ ಪದರ ಕಟ್ಟಿಕೊಳ್ಳುತ್ತದೆ. ಗೀರಿದರೂ ಆ ಪದರ ಮತ್ತೆ ತಾನೇ ಮೂಡುತ್ತದೆ. ಪಾತ್ರೆಗೆ ಒಳ್ಳೆಯದು 304 ದರ್ಜೆ. ಅದರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವುದರಿಂದ 18/8 ಎಂದೂ ಬರೆದಿರುತ್ತಾರೆ. ಅಗ್ಗದ 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಅದು ತುಕ್ಕಿಗೆ ಬೇಗ ಸೋಲುತ್ತದೆ. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂದು ಕೆಲವು ಅಂಗಡಿಯವರು ತೋರಿಸುತ್ತಾರೆ. 202ಕ್ಕೂ ಅಯಸ್ಕಾಂತ ಅಂಟುವುದಿಲ್ಲ! ಆದ್ದರಿಂದ ಆ ಪರೀಕ್ಷೆ ನಂಬಬೇಡಿ. ದರ್ಜೆಯ ಮುದ್ರೆ ಮತ್ತು ಐಎಸ್‌ಐ ಗುರುತು ನೋಡಿ. ಸ್ಟೀಲ್ ಸೋಲುವ ಜಾಗವೂ ಒಂದಿದೆ. ಉಪ್ಪಿನಕಾಯಿಯನ್ನು ತಿಂಗಳುಗಟ್ಟಲೆ ಇಟ್ಟರೆ ಉಪ್ಪು ಅದನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಅದಕ್ಕೆ ಪಿಂಗಾಣಿ ಭರಣಿ ಅಥವಾ ಗಾಜಿನ ಜಾಡಿಯೇ ಸರಿ.

ಗಾಜಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಏನನ್ನೂ ಬಿಡುವುದಿಲ್ಲ, ಏನನ್ನೂ ಹೀರುವುದಿಲ್ಲ. ಜಾಮ್, ಕಾಫಿಪುಡಿಯ ಖಾಲಿ ಬಾಟಲಿಗಳನ್ನು ತೊಳೆದಿಟ್ಟುಕೊಂಡರೆ ಫ್ರಿಜ್ಜಿನ ಅರ್ಧ ಡಬ್ಬಗಳ ಕೆಲಸ ಮುಗಿಯುತ್ತದೆ. ಅವುಗಳಿಗೆ ಕುದಿಯುವ ಪದಾರ್ಥ ಸುರಿದರೆ ಸೀಳುತ್ತವೆ ಎಂಬುದು ನೆನಪಿರಲಿ.

ಪಿಂಗಾಣಿಯ ಹಾಗೆ ಕಾಣುವ, ಬಿದ್ದರೂ ಒಡೆಯದ ಮೆಲಮೈನ್ ತಟ್ಟೆ ಬಟ್ಟಲುಗಳು ಎಷ್ಟೋ ಮನೆಗಳಲ್ಲಿ ಅತಿಥಿಗಳಿಗೆಂದೇ ಕಪಾಟಿನಲ್ಲಿರುತ್ತವೆ. ಮದುವೆ ಹಾಲ್‌ಗಳಲ್ಲೂ ಅವೇ. ಅವು ಪಿಂಗಾಣಿಯಲ್ಲ, ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ಪ್ಲಾಸ್ಟಿಕ್. ತಣ್ಣನೆಯ ಹಣ್ಣು, ಖರ್ಜೂರ, ಬಿಸ್ಕತ್ತು ಬಡಿಸಲು ಅಡ್ಡಿಯಿಲ್ಲ. ಕುದಿಯುವ ಸೂಪ್, ನಿಂಬೆ ಹಿಂಡಿದ ಬಿಸಿ ಚಹಾ ಬೇಡ. ಮೈಕ್ರೊವೇವ್ ಅಂತೂ ಬೇಡವೇ ಬೇಡ. ಮೇಲಿನ ಹೊಳಪು ಹೋಗಿ ಹಳದಿ ಕಲೆ ಹಿಡಿದಿದ್ದರೆ ಊಟದ ಬಳಕೆಯಿಂದ ತೆಗೆದುಬಿಡಿ.

ತಾಮ್ರದ ವಿಚಾರದಲ್ಲಿ ಈಗ ಒಂದು ಹುಚ್ಚು ಹರಡಿದೆ. ಹಳೆಯದು, ಆದ್ದರಿಂದ ಒಳ್ಳೆಯದು ಎಂಬ ಹುಚ್ಚು. ಹಳಬರು ತಾಮ್ರವನ್ನು ಹೇಗೆ ಬಳಸುತ್ತಿದ್ದರು ಎಂದು ನೋಡಬೇಕು. ಮದುವೆ ಬಿರಿಯಾನಿ ಬೇಯಿಸುವ ದೊಡ್ಡ ತಾಮ್ರದ ದೇಗ್‌ನ ಒಳಗೆ ಇಣುಕಿದರೆ ಕೆಂಪು ಕಾಣುವುದಿಲ್ಲ, ಬೆಳ್ಳಿಯಂಥ ಬಿಳುಪು ಕಾಣುತ್ತದೆ. ಅದು ಕಲಾಯಿ. ಮೊಸರು, ಟೊಮೇಟೊ, ನಿಂಬೆ ಬಿದ್ದ ಮಸಾಲೆ ಬರೀ ತಾಮ್ರಕ್ಕೆ ತಾಗಿದರೆ ಹುಳಿಗೆ ತಾಮ್ರ ಕರಗುತ್ತದೆ. ಕಿಲುಬು ಎಂದು ಅಜ್ಜಿಯರು ಹೆದರಿಸುವುದು ಇದನ್ನೇ, ಹೆಚ್ಚಾದರೆ ವಾಂತಿ ಹೊಟ್ಟೆನೋವು ಖಂಡಿತ. ಕಲಾಯಿ ಹಾಕುವವರು ಪಾತ್ರೆಯನ್ನು ಉಜ್ಜಿ ತೊಳೆದು, ಇದ್ದಲ ಬೆಂಕಿಯ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚುತ್ತಾರೆ. ಬಿಳಿ ಹೊಗೆ ಏಳುತ್ತದೆ. ನವಸಾಗರ ಎಂದರೆ ನಮ್ಮ ಪ್ರಯೋಗಾಲಯದ ಅಮೋನಿಯಂ ಕ್ಲೋರೈಡ್, ತಾಮ್ರದ ಮೇಲಿನ ಆಕ್ಸೈಡನ್ನು ಕಿತ್ತು ಹಾಕುವುದು ಅದರ ಕೆಲಸ. ಆಮೇಲೆ ತವರದ ಕಡ್ಡಿ ತಾಗಿಸಿ, ಕರಗಿದ ತವರವನ್ನು ಹತ್ತಿಯಿಂದ ಸರಸರನೆ ಒಳಗೆಲ್ಲ ಒರೆಸುತ್ತಾರೆ. ತವರ ಕರಗುವುದು 232 ಡಿಗ್ರಿಯಲ್ಲಿ. ಹಾಗಾಗಿ ಕಲಾಯಿ ಪಾತ್ರೆಯನ್ನು ಖಾಲಿ ಒಲೆಯ ಮೇಲೆ ಮರೆತರೆ ಕಲಾಯಿ ಕರಗಿ ಹಾಳಾಗುತ್ತದೆ. ತಾಮ್ರ ಕಾಣತೊಡಗಿದರೆ ಮತ್ತೆ ಹಾಕಿಸಬೇಕು, ಸೀಸ ಬೆರೆಸದ ಶುದ್ಧ ತವರದಿಂದಲೇ ಹಾಕಿಸಬೇಕು. ಹಿತ್ತಾಳೆಗೂ ಇದೇ ನಿಯಮ. ತಾಮ್ರದ ನೀರಿನ ಬಾಟಲಿ ತರುವ ಗೆಳೆಯರು ಅದರಲ್ಲಿ ಬರೀ ನೀರು ತುಂಬಲಿ. ನಿಂಬೆ ಶರಬತ್ತು, ಮಜ್ಜಿಗೆ ಸ್ಟೀಲಿಗೆ.

ಅಲ್ಯೂಮಿನಿಯಂ ಪಾತ್ರೆಯಲ್ಲಿ ಅನ್ನ ಮಾಡಿದರೆ ದೊಡ್ಡ ಆತಂಕವಿಲ್ಲ, ಹುಣಸೆಹುಳಿ ಹಾಕಿದ ಮೀನುಸಾರು ಮಾಡಿ ರಾತ್ರಿಯಿಡೀ ಅದರಲ್ಲೇ ಬಿಡುವುದು ಸರಿಯಲ್ಲ. ಹಿಂಡಾಲಿಯಂ ಹೆಸರಿನ ಕೆಲವು ಪಾತ್ರೆಗಳಿಂದ ಸೀಸ ಆಹಾರಕ್ಕೆ ಇಳಿಯುತ್ತದೆಂದು ಅಮೆರಿಕದ ಎಫ್‌ಡಿಎ 2025ರಲ್ಲಿ ಎಚ್ಚರಿಸಿದೆ. ಅವುಗಳಲ್ಲಿ ಭಾರತದಲ್ಲಿ ತಯಾರಾದವೂ ಇದ್ದವು. ಗುಜರಿ ಲೋಹ ಕರಗಿಸಿ ಮಾಡಿದ, ಮುದ್ರೆಯಿಲ್ಲದ ಪಾತ್ರೆಯನ್ನು ಅಗ್ಗವೆಂದು ತರುವುದಕ್ಕಿಂತ ಮನೆಯಲ್ಲಿರುವ ಹಳೆಯ ಸ್ಟೀಲೇ ಮೇಲು. ಪ್ಲಾಸ್ಟಿಕ್ ಅಲ್ಲ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪಬಾರದು ಎನ್ನುವುದಕ್ಕೆ ಇದನ್ನು ಹೇಳಿದೆ.

ಬಕ್ರೀದಿನ ದಿನ ಮಾಂಸ ಹಂಚುವಾಗ ಕಪ್ಪು, ನೀಲಿ ಕವರುಗಳ ರಾಶಿ ನೋಡಿರುತ್ತೀರಿ. ಕಪ್ಪು ಕವರ್ ಹೆಚ್ಚಾಗಿ ಮರುಬಳಕೆಯ ಪ್ಲಾಸ್ಟಿಕ್. ಹಿಂದೆ ಅದು ಏನಾಗಿತ್ತು, ಏನು ತುಂಬಿಟ್ಟಿದ್ದರು ಎಂದು ಯಾರೂ ಹೇಳಲಾರರು. ಅದೇ ಕವರನ್ನು ಗಂಟು ಹಾಕಿ ವಾರಗಟ್ಟಲೆ ಫ್ರೀಜರಿನಲ್ಲಿ ಇಡುತ್ತೇವೆ. ಹತ್ತಿರದ ಮನೆಗಳಿಗಾದರೂ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಒಯ್ಯಬಹುದು. ಡಬ್ಬ ವಾಪಸ್ ಬರುವುದಿಲ್ಲ ಎಂಬ ಚಿಂತೆಗೆ ಪಾತ್ರೆ ಅಂಗಡಿಯವರ ಬಳಿ ಬಹಳ ಹಿಂದಿನಿಂದಲೂ ಉತ್ತರವಿದೆ: ಕೊಳ್ಳುವಾಗಲೇ ಹೆಸರು ಕೆತ್ತಿಸುವುದು. ಬಾಳೆಎಲೆ ಸಿಗುವ ಊರಿನಲ್ಲಿ ಎಲೆಯಲ್ಲಿ ಸುತ್ತಿ ಬಟ್ಟೆ ಚೀಲದಲ್ಲಿ ಇಟ್ಟರೂ ಆಯಿತು.

ಹೀಗೆ ಬಳಕೆಯಿಂದ ತೆಗೆದ ಹಳೆಯ ಪ್ಲಾಸ್ಟಿಕ್ ಡಬ್ಬಗಳನ್ನು ಹಿತ್ತಲಲ್ಲಿ ಸುಡಬೇಡಿ. ಪಿವಿಸಿಯಂಥವು ಉರಿದರೆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಬರುತ್ತದೆ. ಮೊಳೆ, ಗುಂಡಿ, ಪೆನ್ನು, ರಬ್ಬರ್ ಬ್ಯಾಂಡ್ ಹಾಕಿಡಲು ಅವು ಇನ್ನೂ ಹತ್ತು ವರ್ಷ ಬರುತ್ತವೆ. ತಳಕ್ಕೆ ನಾಲ್ಕು ತೂತು ಮಾಡಿದರೆ ಪುದೀನ ಬೆಳೆಸಬಹುದು. ಅದೂ ಬೇಡವಾದರೆ ತಳದ ಅಂಕಿ ನೋಡಿ ವಿಂಗಡಿಸಿ ಗುಜರಿಯವರಿಗೆ ಕೊಡಿ.