ನೆಲಸಮವಾಗದೆ ಉಳಿದ ಸಿನಿಮಾ ಅರಮನೆ

ಅಮೆರಿಕದಲ್ಲಿ ಒಂದು ಕಾಲಕ್ಕೆ ದೊಡ್ಡ ಚಿತ್ರಮಂದಿರಗಳನ್ನು ಅರಮನೆಗಳೆಂದೇ ಕರೆಯುತ್ತಿದ್ದರು. ಅದು ಬರಿಯ ಹೊಗಳಿಕೆಯಲ್ಲ. 1927ರಲ್ಲಿ ನಟಿ ಗ್ಲೋರಿಯಾ ಸ್ವಾನ್ಸನ್‌ಳ ಚಿತ್ರದೊಂದಿಗೆ ಬಾಗಿಲು ತೆರೆದ ನ್ಯೂಯಾರ್ಕಿನ ರಾಕ್ಸಿಯಲ್ಲಿ ಸುಮಾರು ಆರು ಸಾವಿರ ಮಂದಿ ಕುಳಿತುಕೊಳ್ಳಬಹುದಾಗಿತ್ತು. ಮುಂದೆ ಮನೆ ಮನೆಗೆ ಟೆಲಿವಿಷನ್ ಬಂತು. ಅನುಕೂಲಸ್ಥರು ಪೇಟೆ ಬಿಟ್ಟು ಹೊರವಲಯಕ್ಕೆ ಹೋಗಿ ನೆಲೆಸಿದರು. 1960ರಲ್ಲಿ ರಾಕ್ಸಿಯನ್ನು ಕೆಡವಿದರು. ಅದರ ಅವಶೇಷಗಳ ನಡುವೆ ಅದೇ ಸ್ವಾನ್ಸನ್ ಕೈಚಾಚಿ ನಿಂತ ಭಾವಚಿತ್ರ 'ಲೈಫ್' ಪತ್ರಿಕೆಯಲ್ಲಿ ಅಚ್ಚಾಯಿತು.

ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಫಾಕ್ಸ್ ಚಿತ್ರಮಂದಿರಕ್ಕೂ ಇದೇ ಗತಿ ಕಾದಿತ್ತು.

ಫಾಕ್ಸ್‌ನ ಹುಟ್ಟೇ ವಿಚಿತ್ರ. ಶ್ರೈನರ್ಸ್ ಎಂಬ ಸಂಘದವರು ತಮ್ಮ ಸಭಾಮಂದಿರಕ್ಕೆಂದು ಗುಮ್ಮಟ, ಮಿನಾರುಗಳಿರುವ ಕಟ್ಟಡಕ್ಕೆ ಕೈಹಾಕಿದರು. ಖರ್ಚು ಕೈಮೀರಿದಾಗ ಸಭಾಂಗಣವನ್ನು ಸಿನಿಮಾ ಉದ್ಯಮಿ ವಿಲಿಯಂ ಫಾಕ್ಸ್‌ಗೆ ಗುತ್ತಿಗೆಗೆ ಕೊಟ್ಟರು. 1929ರ ಕ್ರಿಸ್ಮಸ್ ದಿನ ಪ್ರದರ್ಶನ ಆರಂಭವಾಯಿತು. ಒಳಗೆ ಕುಳಿತವನಿಗೆ ಮರುಭೂಮಿಯ ಯಾವುದೋ ಕೋಟೆಯ ಅಂಗಳದಲ್ಲಿ ರಾತ್ರಿ ಕಳೆದಂತೆ ಭಾಸವಾಗಬೇಕು, ಹಾಗಿದೆ ರಚನೆ. ನೀಲಿ ಮಾಡಿನಲ್ಲಿ 96 ನಕ್ಷತ್ರಗಳು. ಅವುಗಳಲ್ಲಿ ಕೆಲವು ಮಿನುಗುತ್ತವೆ. ಬಾಲ್ಕನಿಯ ಮೇಲೆ ಹರಡಿದ ಪಟ್ಟೆಪಟ್ಟೆಯ ಡೇರೆ ಬಟ್ಟೆಯದೆಂದೇ ಕಾಣುತ್ತದೆ, ಆದರೆ ಅದು ಗಾರೆಯದು! ಅಲ್ಲಿನ ಆರ್ಗನ್ ವಾದ್ಯಕ್ಕೆ 3,622 ಕೊಳವೆಗಳು. ನಮ್ಮ ಹಾರ್ಮೋನಿಯಂ ನೋಡಿದವರಿಗೆ ಇದು ಕಲ್ಪನೆಗೂ ನಿಲುಕದು.

ಇಷ್ಟೆಲ್ಲ ವೈಭವದ ಮಂದಿರದಲ್ಲಿ ಕಪ್ಪು ವರ್ಣೀಯರಿಗೆ ಬೇರೆ ಬಾಗಿಲು, ಬೇರೆ ಟಿಕೆಟ್ ಕಿಂಡಿ, ಮೇಲಿನ ಗ್ಯಾಲರಿಯಲ್ಲಿ ಬೇರೆ ಜಾಗ. 1960ರ ದಶಕದವರೆಗೂ ಈ ಪದ್ಧತಿ ನಡೆಯಿತೆಂಬುದನ್ನು ಮರೆಮಾಚಿ ಫಾಕ್ಸ್‌ನ ಕಥೆ ಹೇಳುವುದು ಸರಿಯಲ್ಲ.

1970ರ ದಶಕದಲ್ಲಿ ಸದರ್ನ್ ಬೆಲ್ ಟೆಲಿಫೋನ್ ಕಂಪೆನಿ ಆ ಜಾಗದಲ್ಲಿ ತನ್ನ ಮುಖ್ಯ ಕಚೇರಿ ಕಟ್ಟಲು ಹೊರಟಿತು. 1975ರ ಜನವರಿಯಲ್ಲಿ ಸಿನಿಮಾ ಪ್ರದರ್ಶನ ನಿಂತಿತು. ಊರವರು ಸುಮ್ಮನಿರಲಿಲ್ಲ. 'ಫಾಕ್ಸ್ ಉಳಿಸಿ' ಎಂಬ ಕೂಗೆದ್ದಿತು. ಲಾಭದ ಆಸೆಯಿಲ್ಲದ ಸಂಸ್ಥೆಯೊಂದು ಹುಟ್ಟಿ, ಸಾಲ ಮಾಡಿ ಕಟ್ಟಡವನ್ನು ಕೊಂಡಿತು. ಕಂಪೆನಿಗೆ ಪಕ್ಕದಲ್ಲೇ ಜಾಗ ದೊರೆತು, ಅಲ್ಲಿ ಅದರ ಗಗನಚುಂಬಿ ಕಟ್ಟಡ ಎದ್ದಿತು. ಸಾಲ 1978ರಲ್ಲಿ ತೀರಿತು.

ಸಾಲ ತೀರಿಸಲು ಬರಿಯ ಅಭಿಮಾನ ಸಾಲದು. ಸಿನಿಮಾ ಒಂದನ್ನೇ ನೆಚ್ಚಿ ಕೂರದೆ ಸಂಗೀತ ಕಚೇರಿ, ನಾಟಕ, ನೃತ್ಯಗಳಿಗೆ ವೇದಿಕೆಯನ್ನು ತೆರೆದಿಟ್ಟದ್ದೇ ಫಾಕ್ಸ್ ಬದುಕಿದ ಗುಟ್ಟು. 1996ರಲ್ಲಿ ಬೆಂಕಿ ಬಿದ್ದು ಒಂದು ಭಾಗ ಸುಟ್ಟಾಗಲೂ ಮತ್ತೆ ಕಟ್ಟಿಕೊಂಡರು. ಹಳೆಯ ಗಾರೆ, ಬಣ್ಣ, ಪೀಠೋಪಕರಣಗಳ ದುರಸ್ತಿಗೆಂದೇ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಅದರ ಕೆಲಸಗಾರರು ಒಂದು ಮೂಲೆಯನ್ನು ಸರಿಪಡಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಮೂಲೆ ಕರೆಯುತ್ತಿರುತ್ತದೆ.