ಬಣ್ಣ ಹೋಯ್ತು, ಆದ್ರೆ ನೀರು ಶುದ್ಧ ಆಯ್ತಾ?

ಇವತ್ತಿನ ವಿಷಯ ಬಟ್ಟೆಗೆ ಹಿಡಿಯದೆ ನೀರಲ್ಲೇ ಉಳಿದುಹೋಗೋ ಬಣ್ಣ. ಅದನ್ನ ನ್ಯಾನೋ ಕಣಗಳಿಂದ ತೆಗೀಬಹುದು ಅಂತಾರಲ್ಲ, ಆ ಮಾತು ಎಷ್ಟು ನಿಜ ಅಂತ ನೋಡೋಣ.

ಮೊದಲು ಗುಜರಾತಿನ ಮೂರು ಊರು. ಅಹಮದಾಬಾದಿನಲ್ಲಿ ಮೊದಲ ಹತ್ತಿ ಗಿರಣಿ ಶುರುವಾಗಿದ್ದು 1861ರಲ್ಲಿ. ಈಗಲೂ ನರೋಲ್ ಕಡೆ ಬಟ್ಟೆಗೆ ಬಣ್ಣ ಹಾಕೋ ಘಟಕಗಳಿವೆ. ಸೂರತ್ ಪಾಲಿಯೆಸ್ಟರ್ ಸೀರೆಗಳ ಊರು. ವಡೋದರದ ಸುತ್ತ ಕೆಮಿಕಲ್ ಕಾರ್ಖಾನೆಗಳು. ಅವುಗಳ ತ್ಯಾಜ್ಯನೀರು ಸಂಸ್ಕರಣೆಯಾದ ಮೇಲೆ ಸುಮಾರು 55 ಕಿ.ಮೀ. ಕಾಲುವೆಯಲ್ಲಿ ಹರಿದು ಮಹಿ ನದಿಯ ಅಳಿವೆ ಸೇರುತ್ತೆ. ಸಾಬರಮತಿ ಮಾಲಿನ್ಯದ ವಿಷಯವನ್ನ 2021ರಲ್ಲಿ ಗುಜರಾತ್ ಹೈಕೋರ್ಟೇ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಳ್ತು. ಅಹಮದಾಬಾದ್ ದಾಟಿದ ಮೇಲೆ ಅದೇ ನದಿ ನೀರನ್ನ ಹೊಲಕ್ಕೆ ಹಾಯಿಸೋ ರೈತರಿದ್ದಾರೆ.

ಬಣ್ಣ ತೆಗೆಯೋದು ಯಾಕೆ ಕಷ್ಟ? ಬಿಸಿಲಿಗೆ ಮಾಸಬಾರದು, ಒಗೆದರೆ ಹೋಗಬಾರದು ಅಂತಲೇ ಅದನ್ನ ತಯಾರಿಸಿರ್ತಾರೆ. ಬಟ್ಟೆಯ ಮೇಲೆ ಗಟ್ಟಿಯಾಗಿ ನಿಲ್ಲೋ ಆ ಗುಣವೇ ನೀರಿಗೆ ಬಂದಾಗ ತೊಂದರೆ. ಬ್ಯಾಕ್ಟೀರಿಯಾಗಳಿಗೂ ಅದು ಸುಲಭಕ್ಕೆ ಜಗ್ಗಲ್ಲ.

ಇಲ್ಲಿ ನ್ಯಾನೋ ಕಣದ ಲೆಕ್ಕ ಬರುತ್ತೆ. ಒಂದು ಸೆಂಟಿಮೀಟರ್ ಘನದ ಹೊರಮೈ 6 ಚದರ ಸೆಂ.ಮೀ. ಅದನ್ನೇ 10 ನ್ಯಾನೋಮೀಟರ್ ಘನಗಳಾಗಿ ಪುಡಿ ಮಾಡಿದ್ರೆ ಒಟ್ಟು ಹೊರಮೈ 600 ಚದರ ಮೀಟರ್. ಅಂದ್ರೆ ಬೆಂಗಳೂರಿನ ಐದು ಥರ್ಟಿ-ಫಾರ್ಟಿ ಸೈಟಿಗಿಂತ ಜಾಸ್ತಿ! ರಾಸಾಯನಿಕ ಕ್ರಿಯೆ ನಡೆಯೋದು ಹೊರಮೈಯಲ್ಲೇ ಆದ್ದರಿಂದ ಚಿಟಿಕೆ ಪುಡಿ ದೊಡ್ಡ ಕೆಲಸ ಮಾಡುತ್ತೆ.

ಕೆಲಸ ಎರಡು ಥರ. ಒಂದು, ಹಿಡಿಯೋದು. ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಆಕ್ಸೈಡ್ ಕಣಗಳಿಗೆ ಬಣ್ಣ ಅಂಟಿಕೊಳ್ಳುತ್ತೆ, ಆಮೇಲೆ ಅಯಸ್ಕಾಂತದಿಂದ ಕಣಗಳನ್ನ ಎಳೆದು ತೆಗೀಬಹುದು. ಆದ್ರೆ ಬಣ್ಣ ನಾಶ ಆಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ.

ಎರಡನೇದು, ಒಡೆಯೋದು. ಟೈಟಾನಿಯಂ ಡೈಆಕ್ಸೈಡ್ ಮೇಲೆ ಅತಿನೇರಳೆ ಬೆಳಕು ಬಿದ್ದರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳು ಹುಟ್ಟಿ ಬಣ್ಣದ ಅಣುವನ್ನ ಕತ್ತರಿಸ್ತವೆ. ಇದೇ ವಸ್ತುವಿನ ಮೇಲೆ ಬೆಳಕು ಬಿಟ್ಟು ನೀರಿನ ಅಣುವನ್ನ ಒಡೆದು ತೋರಿಸಿದ್ದು ಜಪಾನಿನ ಫುಜಿಶಿಮಾ ಮತ್ತು ಹೋಂಡಾ, 1972ರಲ್ಲಿ.

ಈಗ ಮುಖ್ಯ ಮಾತು. ಬಹಳಷ್ಟು ಬಟ್ಟೆ ಬಣ್ಣಗಳು ಅಝೋ ಜಾತಿಯವು. ಎರಡು ನೈಟ್ರೋಜನ್ ನಡುವಿನ ಕೊಂಡಿ ಮುರಿದರೆ ಸಾಕು, ಬಣ್ಣ ಮಾಯ. ಆದ್ರೆ ಅಣುವಿನ ಚೂರುಗಳು ನೀರಲ್ಲೇ ಇರ್ತವೆ. ಕಬ್ಬಿಣದ ನ್ಯಾನೋ ಕಣಗಳು ಈ ಕೊಂಡಿ ಮುರಿದಾಗ ಅರೋಮ್ಯಾಟಿಕ್ ಅಮೀನ್‌ಗಳು ಉಳೀತವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಕಣ್ಣಿಗೆ ತಿಳಿನೀರು, ಒಳಗೆ ವಿಷ.

ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ, ಲ್ಯಾಪ್‌ಟಾಪಲ್ಲಿ ಟೆಸ್ಟ್ ಪಾಸಾಗೋದೇ ಬೇರೆ, ಪ್ರೊಡಕ್ಷನಲ್ಲಿ ಓಡೋದೇ ಬೇರೆ. ಲ್ಯಾಬಿನ ಬೀಕರಲ್ಲಿ ಶುದ್ಧ ನೀರು, ಅದರಲ್ಲಿ ಒಂದೇ ಬಣ್ಣ. ಹತ್ತಿಗೆ ಬಣ್ಣ ಹಾಕೋ ಘಟಕದ ನೀರಲ್ಲಿ ರಾಶಿ ಉಪ್ಪು, ಸೋಡಾ, ಸೋಪು. ಇವೆಲ್ಲ ಕಣದ ಹೊರಮೈಗೂ ರ್‍ಯಾಡಿಕಲ್‌ಗಳಿಗೂ ಪೈಪೋಟಿಗೆ ಬೀಳ್ತವೆ. ಗಾಢ ಬಣ್ಣದ ನೀರಿನೊಳಗೆ ಬೆಳಕೇ ಇಳಿಯಲ್ಲ. ಬಿಸಿಲಲ್ಲಿ ಅತಿನೇರಳೆ ಪಾಲು ಶೇ. 5ರಷ್ಟು ಮಾತ್ರ. ಇನ್ನು ಸೂರತ್‌ನ ಪಾಲಿಯೆಸ್ಟರ್‌ಗೆ ಹಾಕೋ ಬಣ್ಣ ನೀರಲ್ಲಿ ಸರಿಯಾಗಿ ಕರಗೋದೇ ಇಲ್ಲ, ಅಹಮದಾಬಾದಿನ ಹತ್ತಿಗೆ ಹಾಕೋ ಬಣ್ಣ ಚೆನ್ನಾಗಿ ಕರಗುತ್ತೆ. ಹಾಗಾಗಿ ಎರಡಕ್ಕೂ ಒಂದೇ ಮದ್ದು ಸಾಲಲ್ಲ.

ಹಾಗಾದ್ರೆ ನ್ಯಾನೋ ಬೇಡವಾ? ಬೇಕು, ಆದ್ರೆ ಕೊನೇ ಹಂತದಲ್ಲಿ. ಗಸಿ ಇಳಿಸಿ, ಬ್ಯಾಕ್ಟೀರಿಯಾ ಕೈಲಾದಷ್ಟು ತಿಂದ ಮೇಲೆ ಉಳಿದ ಸ್ವಲ್ಪಕ್ಕೆ ಇದು ಒಳ್ಳೇ ಹತಾರ.

ಇನ್ಮೇಲೆ ಶೇ. 99 ಬಣ್ಣ ತೆಗೆದ್ವಿ ಅನ್ನೋ ಸುದ್ದಿ ನೋಡಿದ್ರೆ ಮೂರು ಪ್ರಶ್ನೆ ಕೇಳಿ. ಕಾರ್ಖಾನೆಯ ನಿಜವಾದ ನೀರಲ್ಲಿ ಮಾಡಿದ್ರಾ? ಬಣ್ಣದ ಜೊತೆ ನೀರಲ್ಲಿರೋ ಒಟ್ಟು ಇಂಗಾಲವೂ ಇಳಿದಿದೆಯಾ? ಹಾಕಿದ ಕಣಗಳನ್ನ ವಾಪಸ್ ತೆಗೆದ್ರಾ? ಮೂರಕ್ಕೂ ಹೌದು ಅಂತ ಉತ್ತರ ಬಂದ್ರೆ ಮಾತ್ರ ಹೊಲಕ್ಕೆ ಹೋಗೋ ನೀರಿನ ಬಗ್ಗೆ ಮಾತಾಡಬಹುದು.

ನಿಮ್ಮೂರಲ್ಲೂ ಡೈಯಿಂಗ್ ಘಟಕ ಇದ್ರೆ ಅದರ ನೀರು ಎಲ್ಲಿಗೆ ಹೋಗುತ್ತೆ ಅಂತ ಕಾಮೆಂಟಲ್ಲಿ ತಿಳಿಸಿ. ಮತ್ತೆ ಸಿಗೋಣ.