16 ಕಿಲೋಮೀಟರ್ ದೂರದ ಪರದೇಶ

ನಿಮ್ಮ ಮನೆಯ ಹುಡುಗಿ ಓದು ಮುಗಿಯುವ ಮುಂಚೆಯೇ, “ನಾಲ್ಕು ತಿಂಗಳು ಪಾಠ ಹೇಳೋಕೆ ಕೊರಿಯಾಕ್ಕೆ ಹೋಗ್ತೀನಿ” ಎಂದರೆ ನೀವೇನು ಹೇಳುವಿರಿ? ಸಾಗರದಲ್ಲಿರುವ ನನ್ನ ಅಕ್ಕನ ಮಗಳು ಹಾಗೆಂದಳು. ಅಮೆರಿಕದಲ್ಲಿ ಉಪಾಧ್ಯಾಯರಾಗಲು ಓದುವ ಮಕ್ಕಳು ಬೋಧನಾಭ್ಯಾಸಕ್ಕೆಂದು ದಕ್ಷಿಣ ಕೊರಿಯಾಕ್ಕೆ ಹೋಗುವುದುಂಟಂತೆ. ಬೆಳಿಗ್ಗೆ ಅಲ್ಲಿನ ಶಾಲೆಯಲ್ಲಿ ಪಾಠ, ಸಂಜೆ ಅಲ್ಲಿನ ಊಟ ತಿಂಡಿಗಳ ಪರಿಚಯ. ಕೋಸಿಗೆ ಉಪ್ಪು ಖಾರ ಹಚ್ಚಿ ಹುಳಿ ಬರಿಸಿದ ಕಿಮ್ಚಿ ಎಂಬ ಉಪ್ಪಿನಕಾಯಿಯಂಥದು ಅಲ್ಲಿ ಮೂರು ಹೊತ್ತಿಗೂ ಬೇಕು. ಅಲ್ಲಿಯ ಮಕ್ಕಳೂ ತಂದೆಯನ್ನು ‘ಅಪ್ಪ’ ಎಂದೇ ಕರೆಯುತ್ತಾರೆ! ಇದನ್ನೆಲ್ಲ ಮೊಬೈಲಿನಲ್ಲಿ ನೋಡಿ ನೋಡಿ ಅವಳಿಗೂ ಆಸೆ ಹುಟ್ಟಿತ್ತು.

ಬಿ.ಎಡ್. ಓದುತ್ತಿದ್ದ ಅವಳಿಗೆ ಕೊನೆಗೆ ಸಿಕ್ಕಿದ್ದು ಕೊರಿಯಾ ಅಲ್ಲ, ಕೋಲಾರ ಚಿನ್ನದ ಗಣಿ. ಕೆ.ಜಿ.ಎಫ್.ನ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಕನ್ನಡ ಮತ್ತು ಸಮಾಜ ಪಾಠ ಹೇಳಬೇಕಿತ್ತು. ದಸರಾ ರಜೆ ಮುಗಿದ ಮೇಲೆ ಬಟ್ಟೆಬರೆ ಕಟ್ಟಿಕೊಂಡು ಬಂಗಾರಪೇಟೆಯ ನಮ್ಮ ಮನೆಗೆ ಬಂದಳು. ಮುಖ ಸಪ್ಪಗಿತ್ತು. “ಕೊರಿಯಾ ಆಗಿದ್ದರೆ ಏನಾದರೂ ಹೊಸದು ನೋಡಬಹುದಿತ್ತು ಚಿಕ್ಕಮ್ಮ. ಇಲ್ಲೇನಿದೆ?” ಎಂದಳು. ನಾನೂ ತಲೆಯಾಡಿಸಿದೆ.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾನು ಮದುವೆಯಾಗಿ ಬಂಗಾರಪೇಟೆಗೆ ಬಂದದ್ದು 2002ರಲ್ಲಿ, ಗಣಿ ಮುಚ್ಚಿದ ಮರುವರ್ಷ. ನಮ್ಮೂರಿನಿಂದ ಗಣಿಯ ಕೊನೆಯ ನಿಲ್ದಾಣ ಮಾರಿಕುಪ್ಪಕ್ಕೆ ರೈಲಿನಲ್ಲಿ 16 ಕಿಲೋಮೀಟರ್ ಅಷ್ಟೆ. ರಾಬರ್ಟ್‌ಸನ್ ಪೇಟೆಗೆ ಸೀರೆ ತರಲು ಎಷ್ಟೋ ಸಲ ಹೋಗಿದ್ದೇನೆ. ಆದರೆ ಇಷ್ಟು ವರ್ಷಗಳಲ್ಲಿ ಅಲ್ಲಿಯ ಒಂದು ಮನೆಯಲ್ಲೂ ಒಂದು ಲೋಟ ಕಾಫಿ ಕುಡಿದವಳಲ್ಲ. ಅವರ ಭಾಷೆ ಬೇರೆ, ಊಟ ಬೇರೆ, ಜನವೂ ಬೇರೆ ಎಂದು ಅತ್ತೆಯವರು ಹೇಳಿದ್ದನ್ನೇ ನಾನೂ ನಂಬಿದ್ದೆ. ಮೊದಲ ದಿನ ಹುಡುಗಿಗೆ ಚಪಾತಿ ಪಲ್ಯ ಕಟ್ಟಿಕೊಟ್ಟು, “ಅಲ್ಲಿ ಯಾರ ಮನೆಯಲ್ಲೂ ಏನೂ ತಿನ್ನಬೇಡ ಕಣೇ” ಎಂದು ಹೇಳಿ ಕಳಿಸಿದ್ದೆ.

ಹುಳಿಯಿಂದ ಪುಳಿಗೆ

ಮೊದಲ ವಾರ ಅವಳು ದಿನಾ ಅಳುಮೋರೆ ಹಾಕಿಕೊಂಡೇ ಬರುತ್ತಿದ್ದಳು. ಮಕ್ಕಳು ಪ್ರಶ್ನೆಗೆ ಉತ್ತರವನ್ನೇ ಕೊಡುವುದಿಲ್ಲ. ಪುಸ್ತಕದ ಕನ್ನಡ ಓದುತ್ತಾರೆ, ಅರ್ಥ ಕೇಳಿದರೆ ನೆಲ ನೋಡುತ್ತಾರೆ. ಕಾರಣ ದೊಡ್ಡದೇನಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಗಣಿ ಕೆಲಸ ಹಿಡಿದ ಮೇಲೆ ಆರ್ಕಾಟ್ ಕಡೆಯಿಂದ ತಮಿಳರು, ಚಿತ್ತೂರು ಕಡೆಯಿಂದ ತೆಲುಗರು ಸಾವಿರಗಟ್ಟಲೆ ಬಂದು ನೆಲೆಸಿದರು. ಅವರ ಮರಿಮಕ್ಕಳು ಶಾಲೆಯಲ್ಲಿ ಕನ್ನಡ ಓದಿದರೂ ಮನೆಯಲ್ಲಿ ಆಡುವುದು ತಮಿಳು ಇಲ್ಲವೇ ತೆಲುಗು.

ಒಂದು ಸಂಜೆ ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆ ಕೆ.ಜಿ.ಎಫ್. ಕಡೆಯವಳು. ಹುಣಿಸೆಹಣ್ಣಿನ ಡಬ್ಬಿಯನ್ನು ಎತ್ತಿಡುತ್ತ, “ಅಮ್ಮಾ, ಪುಳಿ ಮುಗೀತಾ ಬಂತು” ಎಂದಳು. ಹುಡುಗಿ ಥಟ್ಟನೆ ತಲೆ ಎತ್ತಿದಳು. “ನಾವು ಹುಳಿ ಅಂದರೆ ಇವರು ಪುಳಿ! ಹಾಲಿಗೆ ಏನಂತೀರಿ?” “ಪಾಲು.” “ಹುಲಿಗೆ?” “ಪುಲಿ.” “ಹೂವಿಗೆ?” “ಪೂ.” “ಹತ್ತಕ್ಕೆ?” “ಪತ್ತು.” ಹುಡುಗಿ ಅಡುಗೆಮನೆಯಲ್ಲೇ ಕುಣಿದುಬಿಟ್ಟಳು.

ಮರುದಿನ ಪಾಠದ ಪುಸ್ತಕ ಮುಚ್ಚಿಟ್ಟು ಕಪ್ಪುಹಲಗೆಯ ಮೇಲೆ ಒಂದು ಕಡೆ ‘ಹ’, ಇನ್ನೊಂದು ಕಡೆ ‘ಪ’ ಬರೆದಳಂತೆ. ಹಾವು ಎಂದರೆ ತಮಿಳು ಮಕ್ಕಳು ಪಾಂಬು ಎಂದರು, ತೆಲುಗು ಮಕ್ಕಳು ಪಾಮು ಎಂದರು. ಹೆಸರು ಎಂದರೆ ಪೇರು. ಬಾಳೆ ಎಂದಾಗ ಒಬ್ಬಳು ತಾನಾಗಿಯೇ ಎದ್ದು, “ಮಿಸ್, ಅದು ವಾಳೈ. ನೀವು ಬ ಅಂದ್ರೆ ನಾವು ವ” ಎಂದಳಂತೆ. ಆ ತರಗತಿಯಿಂದ ಬಂದ ಮೊದಲ ಉತ್ತರ ಅದು. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪೂ, ಪತ್ತು ಎಂದೇ ಹೇಳುತ್ತಿದ್ದೆವು, ಆಮೇಲೆ ನಮ್ಮ ‘ಪ’ ‘ಹ’ ಆಯಿತು ಎಂದು ಅವಳು ಹೇಳಿದಾಗ ಮಕ್ಕಳ ಮುಖ ಅರಳಿತಂತೆ. ನಮ್ಮ ಮಾತು ತಪ್ಪು ಮಾತಲ್ಲ, ಟೀಚರಮ್ಮನ ಮಾತಿನ ನಂಟೇ ಎಂದು ತಿಳಿದರೆ ಯಾವ ಮಗುವಿಗೆ ಬಾಯಿ ಬರುವುದಿಲ್ಲ ಹೇಳಿ?

ತೆರೆಯದ ಡಬ್ಬಿ

ದೀಪಾವಳಿ ಬಂತು. ತರಗತಿಯ ಹುಡುಗನೊಬ್ಬನ ಅಜ್ಜಿ ಟೀಚರಿಗೆಂದು ಸ್ಟೀಲ್ ಡಬ್ಬಿಯಲ್ಲಿ ಏನೋ ಸಿಹಿ ಕಳಿಸಿದ್ದರು. ಹುಡುಗಿ ಅದನ್ನು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದಳು. ನಾನು ಮುಚ್ಚಳ ಸಹ ತೆರೆಯಲಿಲ್ಲ. ಪಾತ್ರೆ ತೊಳೆಯುವಾಕೆಗೆ, “ಮಕ್ಕಳಿಗೆ ತೆಗೆದುಕೊಂಡು ಹೋಗು” ಎಂದು ಕೊಟ್ಟುಬಿಟ್ಟೆ. ಮರುದಿನ ಅವಳು ತೊಳೆದ ಡಬ್ಬಿ ತಂದಿಟ್ಟು, “ಅದಿರಸಂ ಬಹಳ ಚೆನ್ನಾಗಿತ್ತಮ್ಮಾ, ಹದವಾಗಿ ಪಾಕ ಹಿಡಿದಿದ್ದಾರೆ” ಎಂದಳು.

ಹುಡುಗಿ ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಮೆಲ್ಲಗೆ, “ಚಿಕ್ಕಮ್ಮ, ಅದಿರಸಂ ಅಂದರೆ ನಮ್ಮ ಅತ್ರಾಸವೇ ಅಲ್ಲವಾ?” ಎಂದಳು.

ಹೌದು. ನಮ್ಮ ಸಾಗರದ ಕಡೆ ಅತ್ರಾಸ, ಇಲ್ಲಿಯವರಿಗೆ ಕಜ್ಜಾಯ, ತಮಿಳರಿಗೆ ಅದಿರಸಂ. ಅದೇ ಅಕ್ಕಿ ಹಿಟ್ಟು, ಅದೇ ಬೆಲ್ಲದ ಪಾಕ. ಅಮ್ಮ ತೀರಿಕೊಂಡ ಮೇಲೆ ಯಾರೂ ನನಗೆಂದು ಅತ್ರಾಸ ಮಾಡಿ ಕಳಿಸಿರಲಿಲ್ಲ. ಕಳಿಸಿದಾಗ ನಾನು ಮುಚ್ಚಳವನ್ನೂ ತೆಗೆದಿರಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ಅದರ ತುಂಬ ಕೋಡುಬಳೆ ಮಾಡಿ ಕಳಿಸಿದೆ. ಆದರೆ ತಪ್ಪು ಕೋಡುಬಳೆಯಿಂದ ತೀರುವಂಥದಲ್ಲ ಎಂದು ಮನಸ್ಸು ಹೇಳುತ್ತಲೇ ಇತ್ತು.

ನಿದ್ದೆ ಹೋಗುವ ಹುಡುಗ

ಆ ಅಜ್ಜಿಯ ಮೊಮ್ಮಗ ಮೊದಲ ಪೀರಿಯಡ್ಡಿನಲ್ಲಿ ದಿನಾ ತೂಕಡಿಸುತ್ತಿದ್ದ. ನಮ್ಮ ಹುಡುಗಿ ಒಂದು ದಿನ ಬೆಂಚಿನ ಮೇಲೆ ನಿಲ್ಲಿಸಿದಳು. ಪಕ್ಕದ ಹುಡುಗಿ ಎದ್ದು ನಿಜ ಹೇಳಿದಳು. ಅವನ ತಾಯಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಬೆಳಕು ಹರಿಯುವ ಮುಂಚೆಯೇ ರೈಲು ಹಿಡಿಯಬೇಕು. ಇವನು ಅವರಿಗಿಂತ ಮೊದಲು ಎದ್ದು ನೀರು ತುಂಬಿಸಿ, ತಾಯಿಯನ್ನು ಸ್ಟೇಷನ್ನಿಗೆ ಬಿಟ್ಟು ಬರುತ್ತಾನೆ. ಅವರು ಮನೆ ಸೇರುವಾಗ ರಾತ್ರಿ ಆಗಿರುತ್ತದೆ.

ನಮ್ಮ ಮನೆಗೆ ಆ ರೈಲುಗಳ ಸದ್ದು ದಿನಾ ಕೇಳುತ್ತದೆ. ಅದರೊಳಗೆ ಯಾರಿದ್ದಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಒಂದು ಕಾಲಕ್ಕೆ ಈ ಊರು ಹೇಗಿತ್ತು ಗೊತ್ತೇ? ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಇಲ್ಲಿಗೆ ಬಂತು, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಒಳಗೆ ಸುಡುವ ಸೆಕೆ, ಬಂಡೆ ಸಿಡಿದು ಸತ್ತವರು ಎಷ್ಟೋ ಮಂದಿ, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡವರು ಇನ್ನೆಷ್ಟೋ ಮಂದಿ. 120 ವರ್ಷಗಳಲ್ಲಿ ಇಲ್ಲಿಂದ ತೆಗೆದ ಚಿನ್ನ 800 ಟನ್ನಿನಷ್ಟು ಎನ್ನುತ್ತಾರೆ. ನಮ್ಮ ನಿಮ್ಮ ಅಜ್ಜಿಯರ ಬಳೆ ಸರಗಳಲ್ಲಿ ಇಲ್ಲಿಯ ಬೆವರು ಎಷ್ಟಿದೆಯೋ! 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಾವಿರಾರು ಮನೆಗಳ ಅನ್ನ ನಿಂತಿತು. ಅಂದಿನಿಂದ ಊರಿನ ಅರ್ಧ ಬದುಕು ಬೆಂಗಳೂರು ರೈಲಿನಲ್ಲೇ ಸಾಗುತ್ತಿದೆ.

ಹುಡುಗಿ ಆ ಮಗುವಿನ ಹತ್ತಿರ ತಪ್ಪಾಯಿತೆಂದು ಹೇಳಿದಳು. ಕಲಿಸಲು ಬಂದವರು ಮಕ್ಕಳೆದುರು ಹಾಗೆ ಹೇಳಬಾರದು ಎಂದು ಯಾರೋ ಹಿರಿಯರು ಗದರಿಸಿದರಂತೆ. ನಾನಂತೂ ಮನಸ್ಸಿನಲ್ಲೇ ಶಹಭಾಸ್ ಎಂದೆ. ನನಗೇ ಆಗದಿದ್ದುದನ್ನು ಅವಳು ಮಾಡಿದ್ದಳು.

ಕ್ರಿಸ್‌ಮಸ್ ಊಟ

ಡಿಸೆಂಬರಿನಲ್ಲಿ ಕೆ.ಜಿ.ಎಫ್. ನೋಡಬೇಕು! ಇಂಗ್ಲಿಷರ ಕಾಲದಲ್ಲಿ ಇದನ್ನು ಪುಟ್ಟ ಇಂಗ್ಲೆಂಡ್ ಎನ್ನುತ್ತಿದ್ದರು. ಆಂಗ್ಲೋ-ಇಂಡಿಯನ್ ಕುಟುಂಬಗಳು ಬಹಳಷ್ಟು ಹೊರಟುಹೋದರೂ ಅವರ ಅಡುಗೆ ಇನ್ನೂ ಉಳಿದಿದೆ. ಇಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಅವರು ಆ ಅಡುಗೆಗಳ ಮೇಲೆ ಹಲವು ಪುಸ್ತಕಗಳನ್ನೇ ಬರೆದಿದ್ದಾರೆ. ಶಾಲೆಯ ಹತ್ತಿರದ ಒಬ್ಬ ವಯಸ್ಸಾದ ಆಂಟಿ ನಮ್ಮ ಹುಡುಗಿಯನ್ನು ಊಟಕ್ಕೆ ಕರೆದರು. ಮಾಂಸ ತಿನ್ನದವಳೆಂದು ತಿಳಿದು ಅವಳಿಗಾಗಿ ಬೇರೆಯೇ ಅಡುಗೆ ಮಾಡಿದ್ದರು. ‘ಪೆಪ್ಪರ್ ವಾಟರ್’ ಎಂದು ಬಡಿಸಿದ್ದು ನೋಡಿದರೆ ನಮ್ಮ ಮೆಣಸಿನ ಸಾರು! ಆಕೆ ಹೇಳಿಕೊಟ್ಟ ಎರಡು ಬಗೆಗಳನ್ನು ನಾನು ಮನೆಯಲ್ಲಿ ಮಾಡಿ ನೋಡಿದ್ದೇನೆ. ನೀವೂ ಮಾಡಿ ನೋಡಿ.

ಹಳದಿ ಅನ್ನ: ಒಂದು ಲೋಟ ಅಕ್ಕಿ ತೊಳೆದು ಬಸಿದಿಡಿ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ತುಪ್ಪ ಕಾಯಿಸಿ ಮೂರು ಲವಂಗ, ಎರಡು ಏಲಕ್ಕಿ, ಒಂದು ತುಂಡು ಚಕ್ಕೆ ಹಾಕಿ. ಅಕ್ಕಿ ಹಾಕಿ ಎರಡು ನಿಮಿಷ ಹುರಿಯಿರಿ. ಎರಡು ಲೋಟ ತೆಂಗಿನಕಾಯಿ ಹಾಲು, ಅರ್ಧ ಚಮಚ ಅರಿಶಿನ, ರುಚಿಗೆ ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ. ಕಾಯಿಹಾಲು ಗಟ್ಟಿಯಾಗಿದ್ದರೆ ತಳ ಹಿಡಿಯುತ್ತದೆ, ಸ್ವಲ್ಪ ತೆಳುವಾಗಿಯೇ ಇರಲಿ.

ಡೆವಿಲ್ ಚಟ್ನಿ: ಎರಡು ಈರುಳ್ಳಿ, ಒಂದು ಚಮಚ ಅಚ್ಚಖಾರದ ಪುಡಿ, ಎರಡು ಚಮಚ ಸಕ್ಕರೆ, ಹತ್ತು ಒಣದ್ರಾಕ್ಷಿ, ಉಪ್ಪು, ಎರಡು ದೊಡ್ಡ ಚಮಚ ವಿನೆಗರ್ ಸೇರಿಸಿ ನುಣ್ಣಗೆ ರುಬ್ಬಿ. ಒಲೆ ಬೇಕಿಲ್ಲ. ಕೆಂಪಗೆ, ಸಿಹಿ-ಖಾರ-ಹುಳಿಯಾಗಿರುತ್ತದೆ. ವಿನೆಗರ್ ಇಲ್ಲದಿದ್ದರೆ ನಾನು ನಿಂಬೆರಸ ಹಾಕುತ್ತೇನೆ.

ಪೊಂಗಲ್ ದಿನ

ಸಂಕ್ರಾಂತಿಗೆ ಆ ಅಜ್ಜಿ ಪುನಃ ಹೇಳಿಕಳಿಸಿದರು. ಈ ಸಲ, “ನಾನೂ ಬರ್ತೀನಿ” ಎಂದೆ. ನಮ್ಮ ಮನೆಯವರು ಪೇಪರು ಕೆಳಗಿಟ್ಟು ನನ್ನನ್ನು ನೋಡಿದರು, ಏನೂ ಹೇಳಲಿಲ್ಲ.

ಗಣಿ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳು. ಬಾಗಿಲ ಮುಂದೆ ರಂಗೋಲಿ, ಅದರ ಪಕ್ಕ ಕಬ್ಬು. ದೂರದಲ್ಲಿ ಚಿನ್ನ ತೆಗೆದು ಉಳಿದ ಮಣ್ಣಿನ ಬೂದು ಬಣ್ಣದ ಸೈನೈಡ್ ದಿಬ್ಬಗಳು. ಒಳಗೆ ಗೋಡೆಯ ಮೇಲೆ ಗಣಿಯ ಟೋಪಿ ಧರಿಸಿದ ಅಜ್ಜನ ಫೋಟೋ. ಹಬ್ಬವಾದ್ದರಿಂದ ಹುಡುಗನ ತಾಯಿಯೂ ಮನೆಯಲ್ಲಿದ್ದರು. ಅಜ್ಜಿ ಬಾಳೆಲೆ ಹಾಕಿ, “ಸಾಪ್ಪಿಡಮ್ಮಾ” ಎಂದು ಬಿಸಿ ಸಿಹಿಪೊಂಗಲ್ ಬಡಿಸಿದರು. ತುಪ್ಪ ಕೈಯಲ್ಲಿ ಜಾರುತ್ತಿತ್ತು. ನಾನು ತಿಂದೆ. ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ.

ಕೈ ತೊಳೆದ ಮೇಲೆ ದೀಪಾವಳಿಯ ಡಬ್ಬಿಯ ವಿಷಯ ಹೇಳಿಬಿಟ್ಟೆ. ಹೇಳದೆ ಬಂದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮಿಳು ಬೆರೆತ ಕನ್ನಡದಲ್ಲಿ, “ಗೊತ್ತಿತ್ತಮ್ಮಾ. ಡಬ್ಬಿಯಲ್ಲಿ ಕೋಡುಬಳೆ ಬಂದಾಗಲೇ ಗೊತ್ತಾಯ್ತು. ಅದಿರಸಂ ತಿಂದಿದ್ರೆ ಹೆಂಗಿತ್ತು ಅಂತ ಒಂದ್ ಮಾತು ಹೇಳಿ ಕಳಿಸ್ತಿದ್ರಿ” ಎಂದರು. ನನಗೆ ತಲೆ ಎತ್ತಲು ಆಗಲಿಲ್ಲ. ಹೊರಡುವಾಗ ಆಕೆ ಕುಂಕುಮ ಕೊಟ್ಟು, ಪೊಟ್ಟಣದಲ್ಲಿ ಅದಿರಸಂ ಕಟ್ಟಿಕೊಟ್ಟರು. ರೈಲಿನಲ್ಲೇ ಬಿಚ್ಚಿ ತಿಂದೆವು.

ಜನವರಿ ಕೊನೆಗೆ ಹುಡುಗಿಯ ಅವಧಿ ಮುಗಿಯಿತು. ಒಂದು ಭಾನುವಾರ ಮಕ್ಕಳಲ್ಲಿ ಏಳೆಂಟು ಜನ ನಮ್ಮೂರಿಗೆ ಬಂದರು. ಬಂಗಾರಪೇಟೆಯ ಪಾನಿಪುರಿ ನಿಮಗೆ ಗೊತ್ತಲ್ಲ, ಅದರ ಪಾನಿ ಬರೀ ನೀರಿನಂತೆ ತಿಳಿಯಾಗಿರುತ್ತದೆ, ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ತಿಂದಾದ ಮೇಲೆ ಎಲ್ಲರೂ ನಮ್ಮ ಮನೆಯೊಳಗೆ ಕೂತು ಊಟ ಮಾಡಿದರು. ಬಾಗಿಲಾಚೆ ಅಲ್ಲ, ಒಳಗೆ. ಅತ್ತೆಯವರ ಫೋಟೋದ ಕೆಳಗೇ.

ಇದನ್ನು ಓದುವ ನಿಮ್ಮಲ್ಲಿ ಕೆಲವರ ಊರಿಗೂ ಹೀಗೆ ಕಲಿಸಲು ಬರುವ ಹುಡುಗ ಹುಡುಗಿಯರಿರುತ್ತಾರೆ. ಅವರಿಗೆ ಬಾಡಿಗೆ ಕೋಣೆಯ ಜೊತೆ ಒಂದು ಹೊತ್ತಿನ ಬಿಸಿ ಊಟವನ್ನೂ ಕೊಡಿ. ನಿಮ್ಮ ಮಗಳೇ ಹೊರಗೆ ಹೋಗುವುದಾದರೆ, ಅಲ್ಲಿಯ ಹತ್ತು ಮಾತು ಕಲಿತುಕೊಂಡು ಹೋಗೆನ್ನಿ. ಏನು ತಿನ್ನುವುದಿಲ್ಲ ಎಂಬುದನ್ನು ನಯವಾಗಿ ಮೊದಲೇ ಹೇಳಲಿ, ತಿನ್ನಬಹುದಾದದ್ದನ್ನು ಸಂತೋಷವಾಗಿ ತಿನ್ನಲಿ. ನನ್ನ ಹಾಗೆ ‘ಏನೂ ತಿನ್ನಬೇಡ’ ಎಂದು ಮಾತ್ರ ಹೇಳಿ ಕಳಿಸಬೇಡಿ.

ಕೊನೆಯ ದಿನ ಆ ತೂಕಡಿಸುವ ಹುಡುಗ ನೋಟ್‌ಬುಕ್ಕಿನ ಹಾಳೆಯಲ್ಲಿ ಒಂದು ಸಾಲು ಬರೆದುಕೊಟ್ಟಿದ್ದ: “ಮಿಸ್, ನೀವು ಪೋಗಬೇಡಿ.” ಹುಡುಗಿ ಅದನ್ನು ತಿದ್ದಲಿಲ್ಲ. ಮಡಚಿ ಪರ್ಸಿನಲ್ಲಿಟ್ಟುಕೊಂಡು ಸಾಗರಕ್ಕೆ ಹೋದಳು. ಕೊರಿಯಾದ ಆಸೆ ಅವಳಿಗೆ ಈಗಲೂ ಇದೆ, ಇರಲಿ. ನನಗಂತೂ ವಾರಕ್ಕೊಮ್ಮೆಯಾದರೂ ಮಾರಿಕುಪ್ಪದ ರೈಲು ಹತ್ತುವ ಅಭ್ಯಾಸವಾಗಿದೆ.